ಏರಿ ಮೇಲಿನ ವೀರಗಾರ

ಚಿಕ್ಕಪ್ಪ: [ಫೋಟೊ] ಬೆಳಿಗ್ಗೆ ಏರಿ ಹತ್ತಿರ ತೆಗೆದದ್ದು. ರಸ್ತೆ ಅಗಲ ಮಾಡುವವರು ನಮ್ಮ ವೀರಗಾರನ ಕಲ್ಲನ್ನು ಜೆಸಿಬಿಯಲ್ಲಿ ಎತ್ತಿ ಬೇಲಿ ಪಕ್ಕ ಮಲಗಿಸಿದ್ದಾರೆ. ಪುಣ್ಯಕ್ಕೆ ಒಡೆದಿಲ್ಲ. ಬುಡದಲ್ಲಿ ಒಂದು ಚಕ್ಕೆ ಎದ್ದಿದೆ ಅಷ್ಟೆ.

ಸುಮಕ್ಕ: ಅಯ್ಯೋ. ಯಾರನ್ನೂ ಒಂದು ಮಾತು ಕೇಳಲಿಲ್ಲವಾ?

ದೊಡ್ಡಪ್ಪ: ಆಗಿದ್ದು ಆಯಿತು. ಇದೇ ಒಳ್ಳೆ ಸಮಯ, ಚಿತ್ರದುರ್ಗಕ್ಕೆ ಸಾಗಿಸಿಬಿಡೋಣ. ರಂಗಯ್ಯನ ಬಾಗಿಲ ಮ್ಯೂಸಿಯಂನಲ್ಲಿ ನಾನೇ ಹೋಗಿ ಕೇಳುತ್ತೇನೆ. ಏರಿ ಮೇಲೆ ಮಳೆ, ಬಿಸಿಲು, ಮೇಲಿಂದ ನೀವು ಸುರಿಯುವ ಎಣ್ಣೆ. ಮುಖ ಆಗಲೇ ಸವೆದಿದೆ. ಹೀಗೇ ಬಿಟ್ಟರೆ ನಿಮ್ಮ ಮೊಮ್ಮಕ್ಕಳಿಗೆ ಸಿಗುವುದು ಬರೀ ಚಪ್ಪಡಿ.

ಸುಮಕ್ಕ: ಬೇಡ ದೊಡ್ಡಪ್ಪ. ಅದು ಊರಿನದು.

ಮಂಜಣ್ಣ: ಊರಿನದು ಅಂದರೆ ಆಯಿತಾ ಸುಮಾ? ಊರಲ್ಲಿ ಈಗ ಯಾರಿದ್ದೇವೆ? ಹಲ್ಮಿಡಿ ಶಾಸನ ನೋಡು. 1936ರಲ್ಲಿ ಎಂ.ಎಚ್. ಕೃಷ್ಣ ಅದರ ಬೆಲೆ ಗುರುತಿಸಿದರು, ಕಲ್ಲು ಮೈಸೂರಿಗೆ ಹೋಯಿತು, ಊರಲ್ಲಿ ಫೈಬರ್ ಪ್ರತಿ ನಿಲ್ಲಿಸಿದರು. ಈಗ ಕನ್ನಡ ಓದುವ ಪ್ರತಿ ಹುಡುಗನಿಗೂ ಹಲ್ಮಿಡಿ ಗೊತ್ತು.

ನಾನು: ಮಂಜಣ್ಣ, ಹಲ್ಮಿಡಿ ಕಲ್ಲಿನ ಮೇಲೆ ಅಕ್ಷರ ಇದೆ. ಅಕ್ಷರವನ್ನು ಮೈಸೂರಲ್ಲಿ ಕೂತೂ ಓದಬಹುದು. ನಮ್ಮ ಕಲ್ಲಿನಲ್ಲಿ ಒಂದಕ್ಷರ ಇಲ್ಲ. ಚಿಕ್ಕಪ್ಪನ ಫೋಟೊ ದೊಡ್ಡದು ಮಾಡಿ ನೋಡಿ. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದವನು, ಅವನ ಬೆನ್ನ ಹಿಂದೆ ಮೂರು ದನ. ನಡುವಿನದರಲ್ಲಿ ಇಬ್ಬರು ಹೆಂಗಸರು ಅವನನ್ನು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗ, ಅದರ ಮುಂದೆ ಕೂತವನೂ ಅವನೇ. ತುದಿಯಲ್ಲಿ ಸೂರ್ಯ ಚಂದ್ರ. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನ ಕಲ್ಲು ಇದು, ತುರುಗೋಳಿನದು. ಈಗಲೂ ಸಂಜೆ ದನ ಅದೇ ಏರಿ ಮೇಲೆ, ಅವನ ಮುಂದೆಯೇ ಮನೆಗೆ ಬರುತ್ತವೆ. ಅಲ್ಲಿ ನಿಂತು ನೋಡಿದರೆ ಓದು ಬಾರದವರಿಗೂ ಆ ಕಲ್ಲು ಅರ್ಥ ಆಗುತ್ತದೆ. ಮ್ಯೂಸಿಯಂನಲ್ಲಿ ಗೋಡೆಗೆ ಒರಗಿಸಿದರೆ ಆಗುತ್ತದಾ?

ದೊಡ್ಡಪ್ಪ: ಅವನ ಹೆಸರೇನು ಹೇಳು ನೋಡೋಣ. ಯಾವ ಕಾಲದವನು? ಯಾರ ದನ? ಒಂದೂ ಗೊತ್ತಿಲ್ಲ ಅಲ್ವಾ? ಹೆಸರೇ ಗೊತ್ತಿಲ್ಲದವನನ್ನು ನೆನೆಯುವುದು ಅಂದರೆ ಏನಮ್ಮ?

ನಾನು: ನಾನು ಎಂಎಯಲ್ಲಿ ಓದುತ್ತಿರುವುದೇ ಇದನ್ನು ದೊಡ್ಡಪ್ಪ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ. ಹಾಲ್ಬ್‌ವಾಕ್ಸ್ ಅಂತ ಫ್ರಾನ್ಸ್‌ನ ಸಮಾಜಶಾಸ್ತ್ರಜ್ಞ ಇದ್ದರು. ನಾಜಿಗಳು ಹಿಡಿದುಕೊಂಡು ಹೋದರು, 1945ರಲ್ಲಿ ಬುಕೆನ್ವಾಲ್ಡ್ ಕ್ಯಾಂಪಿನಲ್ಲಿ ತೀರಿಕೊಂಡರು. ಅವರು ಹೇಳಿದ್ದು ಏನೆಂದರೆ, ನೆನಪು ಒಬ್ಬೊಬ್ಬರ ತಲೆಯೊಳಗೆ ಒಂಟಿಯಾಗಿ ಉಳಿಯುವುದಿಲ್ಲ, ಮನೆ, ಜಾತ್ರೆ, ಕೇರಿ ಹೀಗೆ ಒಂದು ಗುಂಪಿನೊಳಗೆ ಇದ್ದಾಗ ಮಾತ್ರ ಉಳಿಯುತ್ತದೆ. ಹೊಸ ಸೊಸೆ ಊರಿಗೆ ಬಂದಾಗ ಏರಿ ದಾಟುವ ಮೊದಲು ಗಾಡಿ ಇಳಿದು ಅವನಿಗೆ ಕೈ ಮುಗಿಯಬೇಕು. ಸುಮಕ್ಕ, ನಿಮ್ಮ ಅತ್ತಿಗೆಯೂ ಇಳಿದಳು ಅಲ್ವಾ? ಹೆಸರು ಹೋದರೂ ಆ ಇಳಿಯುವುದು ಹೋಗಿಲ್ಲ.

ಇನ್ನೊಂದು. ಮದ್ದೂರು ಹತ್ತಿರದ ಆತಕೂರಿನ ಕಲ್ಲು ಗೊತ್ತಾ? ಕಾಳಿ ಅನ್ನುವ ನಾಯಿಯದು. 949ರ ತಕ್ಕೋಲಂ ಯುದ್ಧದಲ್ಲಿ ಹೋರಾಡಿದ ಮನಲೇರ, ಏನು ಬೇಕು ಕೇಳು ಅಂದ ಗಂಗರ ಬೂತುಗನ ಹತ್ತಿರ ಆ ನಾಯಿಯನ್ನೇ ಕೇಳಿ ಪಡೆದ. ಅದು ಹಂದಿ ಮೇಲೆ ಬಿದ್ದು, ಎರಡೂ ಸತ್ತವು. ಈ ಕಲ್ಲಿಗೆ ಪೂಜೆ ಮಾಡದೆ ಗೊರವ, ಅಂದರೆ ಶೈವ ಪೂಜಾರಿ, ಊಟ ಮಾಡಿದರೆ ಅವನಿಗೆ ಪಾಪ ಅಂತ ಆ ಕಲ್ಲಿನಲ್ಲೇ ಬರೆದಿದೆ. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿ ಭದ್ರವಾಗಿದೆ. ಊಟಕ್ಕೆ ಮೊದಲು ಅದಕ್ಕೊಂದು ಹೂ ಇಡುವವರು ಅಲ್ಲಿ ಯಾರಿದ್ದಾರೆ ಹೇಳಿ? ಕಲ್ಲು ಉಳಿಯಿತು, ಕಲ್ಲು ಕೇಳಿದ್ದು ಉಳಿಯಲಿಲ್ಲ. ನನಗೆ ಅದನ್ನು ನೋಡಿದಾಗ ನಿಜವಾಗಲೂ ಹೊಟ್ಟೆ ಉರಿಯಿತು.

ಸುಮಕ್ಕ: ಕೋಟೆಯ ಓಬವ್ವನ ಕಿಂಡಿಯೂ ಹಾಗೇ. ಸ್ಟೇಡಿಯಂಗೆ ಅವಳ ಹೆಸರಿದೆ, ಸರ್ಕಾರ ಜಯಂತಿ ಮಾಡುತ್ತದೆ, ಎಲ್ಲ ಸರಿ. ಆದರೆ ನನ್ನ ಮಗಳು ಆ ಸಂದಿಯಲ್ಲಿ ಬಗ್ಗಿ ತಲೆ ಹಾಕಿದಾಗ ತಾನೇ ಹೇಳಿದಳು, ಅಮ್ಮಾ ಇಲ್ಲಿ ಒಬ್ಬೊಬ್ಬರೇ ಬರಬೇಕು ಅಂತ. ಪಕ್ಕದಲ್ಲೇ ತಣ್ಣೀರು ದೋಣಿ. ಒಂಟಿ ಹೆಂಗಸು ಒನಕೆ ಹಿಡಿದು ಹೇಗೆ ತಡೆದಳು ಅಂತ ನಾನು ಬಿಡಿಸಿ ಹೇಳಬೇಕಾಗಲೇ ಇಲ್ಲ.

ಮಂಜಣ್ಣ: ಸರಿ, ಒಂದು ಒಪ್ಪುತ್ತೇನೆ. ಆಫೀಸಿನ ಕೆಲಸಕ್ಕೆ ಬರ್ಲಿನ್‌ಗೆ ಹೋದಾಗ ಫುಟ್‌ಪಾತಿನಲ್ಲಿ ಅಂಗೈಯಷ್ಟು ಹಿತ್ತಾಳೆ ಬಿಲ್ಲೆಗಳನ್ನು ನೋಡಿದ್ದೆ. ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ ಶುರು ಮಾಡಿದ್ದಂತೆ. ನಾಜಿಗಳು ಎಳೆದೊಯ್ದವರ ಮನೆ ಬಾಗಿಲ ಮುಂದೆಯೇ ಹೂಳಿದ್ದಾರೆ, ‘ಇಲ್ಲಿ ವಾಸವಿದ್ದರು’ ಅಂತ ಶುರುವಾಗಿ ಹೆಸರು, ಹುಟ್ಟಿದ ವರ್ಷ. ಓದಬೇಕಾದರೆ ಬಗ್ಗಬೇಕು. ದೊಡ್ಡ ಸ್ಮಾರಕದ ಮುಂದೆ ಫೋಟೊ ತೆಗೆದುಕೊಂಡೆ, ಈ ಬಿಲ್ಲೆ ಮುಂದೆ ಮೊಬೈಲ್ ತೆಗೆಯಲು ಮನಸ್ಸು ಬರಲಿಲ್ಲ.

ದೊಡ್ಡಪ್ಪ: ನೀವೆಲ್ಲ ಹೇಳುವುದು ಚೆನ್ನಾಗಿದೆ. ರಾತ್ರಿ ಕಳ್ಳರು ಎತ್ತಿಕೊಂಡು ಹೋದರೆ? ನಿಧಿ ಇದೆ ಅಂತ ಬುಡ ಅಗೆದರೆ? ಆಗ ನೆನಪೂ ಇಲ್ಲ, ಕಲ್ಲೂ ಇಲ್ಲ. ನನಗೂ ಅವನ ಮೇಲೆ ಪ್ರೀತಿ ಇದೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು: ಅದು ನಿಜವಾದ ಭಯ ದೊಡ್ಡಪ್ಪ, ಇಲ್ಲ ಅನ್ನಲ್ಲ.

ಚಿಕ್ಕಪ್ಪ: ನಾನು ಕೆಲಸದವರ ಹತ್ತಿರ ಮಾತಾಡಿದೆ. ಹಳೆ ಗುಂಡಿ ಮೇಲೆ ಡಾಂಬರು ಬರುತ್ತದೆ. ಹತ್ತಡಿ ಆಚೆ, ಆಲದ ಮರದ ಕೆಳಗೆ ಜಾಗ ಬಿಡುತ್ತಾರಂತೆ. ಮೇಸ್ತ್ರಿ ಎರಡಡಿ ಕಾಂಕ್ರೀಟ್ ಹಾಕಿ ನಿಲ್ಲಿಸುತ್ತಾನೆ, ಯಾರೂ ಅಲ್ಲಾಡಿಸಲು ಆಗಲ್ಲ.

ದೊಡ್ಡಪ್ಪ: ಹತ್ತಡಿ ಸರಿದರೆ ಅದೇ ಜಾಗ ಆಗುತ್ತದಾ? ಈಗ ತಾನೇ ಜಾಗ ಜಾಗ ಅಂದಿರಿ.

ನಾನು: ಆಗುತ್ತದೆ. ಯೇಸುವಿನ ನಾಡಿನ ಪುಣ್ಯಸ್ಥಳಗಳು ಕಾಲಕಾಲಕ್ಕೆ ಭಕ್ತರ ಗುಂಪು ಬದಲಾದಂತೆ ಅತ್ತಿತ್ತ ಸರಿದಿವೆ ಅಂತ ತೋರಿಸಿದ್ದೂ ಅದೇ ಹಾಲ್ಬ್‌ವಾಕ್ಸ್. ದನ ಅದೇ ದಾರಿಯಲ್ಲಿ ಬರಬೇಕು, ಸೊಸೆ ಅಲ್ಲೇ ಇಳಿಯಬೇಕು. ಹತ್ತಡಿ ಪರವಾಗಿಲ್ಲ, ದುರ್ಗ ಜಾಸ್ತಿ ದೂರ.

ದೊಡ್ಡಪ್ಪ: ಆಯಿತು. ಕಾಂಕ್ರೀಟ್ ಖರ್ಚು ನನ್ನದು. ಆದರೆ ಫೋಟೊ, ಅಳತೆ ಎಲ್ಲ ತೆಗೆದು ಮ್ಯೂಸಿಯಂಗೆ ಒಂದು ಪ್ರತಿ ಕೊಟ್ಟೇ ಕೊಡುತ್ತೇನೆ.

ಚಿಕ್ಕಪ್ಪ: ಕೊಡಿ ಅಣ್ಣ. ಮೇಸ್ತ್ರಿ ಕೇಳುತ್ತಿದ್ದಾನೆ, ಮುಖ ಯಾವ ಕಡೆ ಇತ್ತು? ಕೆರೆ ಕಡೆ ತಾನೇ?

ಮಂಜಣ್ಣ: ಊರ ಕಡೆ.

ಸುಮಕ್ಕ: ಕೆರೆ ಕಡೆ ಅನಿಸುತ್ತೆ. ಹಳೆ ಫೋಟೊ ಯಾರ ಹತ್ತಿರವೂ ಇಲ್ಲವಾ?

ನಾನು: ಅಜ್ಜಿಯನ್ನು ಕೇಳಿದೆ. ಅವರು ಹೇಳಿದ್ದು ಹಾಗೇ ಬರೆಯುತ್ತೇನೆ: ‘ಬೆಳಿಗ್ಗೆ ಎಣ್ಣೆ ಹಚ್ಚುವಾಗ ಬಿಸಿಲು ನನ್ನ ಬೆನ್ನಿಗೆ ಬೀಳುತ್ತಿತ್ತು, ಅವನ ಮುಖ ಮಿಂಚುತ್ತಿತ್ತು.’

ಚಿಕ್ಕಪ್ಪ: ಹಾಗಾದರೆ ಮೂಡಲು. ಕೆರೆ ಕಡೆಯೇ. ಮೇಸ್ತ್ರಿಗೆ ಹೇಳುತ್ತೇನೆ.