ಫ್ರೀಜರ್‌ನಲ್ಲಿಟ್ಟ ಕಾಟ್ಲಾ ಕಮಟು ಹಿಡಿಯುತ್ತಿದೆ. ಮೇವಿಗೆ ವಿಟಮಿನ್ ಇ ಹಾಕಿದವರು ಇದ್ದೀರಾ?

ನೆಲಮಂಗಲ ಹೊಂಡ:
ಎರಡು ಹೊಂಡ ಇದೆ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಮೇವು ತೌಡು, ಕಡಲೆಕಾಯಿ ಹಿಂಡಿ, ಸ್ವಲ್ಪ ರೇಷ್ಮೆ ಪ್ಯೂಪಾ (ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಹುಳು). ತುಂಡು ಮಾಡಿ ರಾಜಾಜಿನಗರ, ವಿಜಯನಗರದ ಮನೆಗಳಿಗೆ ಪ್ಯಾಕೆಟ್ ಕೊಡುತ್ತೇವೆ. ತಾಜಾ ಮೀನಿಗೆ ದೂರಿಲ್ಲ. ಫ್ರೀಜರ್‌ನಲ್ಲಿ ತಿಂಗಳು ಕಳೆದರೆ ಹಳದಿ ತಿರುಗಿ ಕಮಟು ವಾಸನೆ. ಮೀನಿನ ಮಾಂಸದಲ್ಲೇ ಆಂಟಿಆಕ್ಸಿಡೆಂಟ್ (ಕೊಬ್ಬು ಕೆಡದಂತೆ ತಡೆಯುವ, ವಿಟಮಿನ್ ಇ ಥರದ್ದು) ಇರುತ್ತದೆ, ಮೇವಿನಿಂದ ಅದನ್ನು ಜಾಸ್ತಿ ಮಾಡಬಹುದು ಅಂತ ಒಬ್ಬರು ಹೇಳಿದರು. ಖರ್ಚು ಎಷ್ಟಾಗುತ್ತದೆ?

ಬಿಡದಿ ಮೀನು:
ಮೊದಲು ಆ ಪ್ಯೂಪಾ ನಿಲ್ಲಿಸಿ ಸ್ವಾಮಿ. ನಮಗೊಬ್ಬ ವ್ಯಾಪಾರಿ ರೀಲಿಂಗ್ ಮಾಡುವ ಕಡೆಯಿಂದ ಒದ್ದೆ ಪ್ಯೂಪಾ ತಂದು, ತಗಡಿನ ಶೆಡ್ಡಿನಲ್ಲಿ ರಾಶಿ ಹಾಕಿಟ್ಟು, ಒಣಗಿದ್ದು ಅಂತ ಕೊಟ್ಟ. ಚೀಲ ಬಿಚ್ಚಿದರೆ ಕಣ್ಣುರಿ. ಬೆರಳಲ್ಲಿ ಉಜ್ಜಿದರೆ ಕಂದು ಜಿಡ್ಡು. ಗೆಂಡೆಗಳ ತಲೆ ದಪ್ಪ ಉಳಿಯಿತು, ಬೆನ್ನು ಸೊರಗಿ ಚಾಕುವಿನ ಅಂಚಿನ ಹಾಗಾಯಿತು. ಜಪಾನಿನಲ್ಲಿ ಇದೇ ಕಾಯಿಲೆಗೆ ಸೆಕೋಕೆ ಅನ್ನುತ್ತಾರೆ. ಅಲ್ಲೂ ಎಣ್ಣೆ ಕೆಟ್ಟ ಪ್ಯೂಪಾ ತಿಂದ ಗೆಂಡೆಗೇ ಬಂದದ್ದು. ವಿಟಮಿನ್ ಇ ಕೊಟ್ಟರೆ ಬರುವುದಿಲ್ಲ ಅಂತ 1960ರ ದಶಕದಲ್ಲೇ ಅವರು ತೋರಿಸಿದ್ದಾರೆ. ಮೀನು ತಾನಾಗಿ ವಿಟಮಿನ್ ಇ ತಯಾರಿಸಲ್ಲ, ತಿಂದದ್ದರಿಂದಲೇ ಬರಬೇಕು. ಕೆಟ್ಟ ಎಣ್ಣೆ ಅದನ್ನೂ ಮುಗಿಸಿಬಿಡುತ್ತದೆ. ಮರಿ, ಮೇವು, ಕರೆಂಟು, ಹಿಡಿಯುವ ಕೂಲಿ ಸೇರಿ ಅರವತ್ತು ಸಾವಿರ ಹೋಯಿತು. ವ್ಯಾಪಾರಿ ಇವತ್ತಿಗೂ ಫೋನ್ ಎತ್ತುವುದಿಲ್ಲ.

ಹೊಸಕೋಟೆ ಗೌಡ್ರು:
ನಿಮ್ಮ ವ್ಯಾಪಾರಿ ಕಳ್ಳ ಅಂದರೆ ಪ್ಯೂಪಾ ಏನು ಮಾಡುತ್ತದೆ? ನಾನು ಎಣ್ಣೆ ತೆಗೆದದ್ದನ್ನೇ ತರುತ್ತೇನೆ, ಮೀನು ಚೆನ್ನಾಗಿದೆ. ಗೆಂಡೆಗೆ ಕೆಜಿ ಮೇವಿಗೆ 100 ಮಿಲಿಗ್ರಾಂ ವಿಟಮಿನ್ ಇ ಬೇಕು. ಅಂಗಡಿಯಲ್ಲಿ ಸಿಗುವುದು ಶೇ. 50ರ ಪುಡಿ. ಅಂದರೆ ಟನ್‌ಗೆ 200 ಗ್ರಾಂ. ನನಗೆ ಟನ್‌ಗೆ ಬಿದ್ದದ್ದು ಮುನ್ನೂರು ರೂಪಾಯಿ ಅಷ್ಟೇ. ಟನ್ ಹಿಂಡಿಗೆ ನಲವತ್ತು ಸಾವಿರದ ಮೇಲೆ ಸುರಿಯುವವರು ಈ ಮುನ್ನೂರಕ್ಕೆ ಯೋಚನೆ ಮಾಡುತ್ತಾರೆ! ಹಾಕಿದ ಮೇಲೆ ಮೇವಿನ ಚೀಲವೂ ಕಮಟು ಹಿಡಿಯಲಿಲ್ಲ.

ಪೀಣ್ಯ ಮೇವು:
ಗೌಡ್ರೇ, ಕೊನೆಯ ಮಾತು ತಪ್ಪು. ಆ ಪುಡಿ ಅಸಿಟೇಟ್ ರೂಪದ್ದು. ಚೀಲದಲ್ಲಿ ಅದು ಸುಮ್ನೆ ಕೂತಿರುತ್ತದೆ. ಮೀನಿನ ಕರುಳಲ್ಲಿ ಬಿಡುಗಡೆ ಆದ ಮೇಲೆ ಅದಕ್ಕೆ ಕೆಲಸ. ಕಾಪಾಡುವುದು ಮಾಂಸವನ್ನು, ಚೀಲವನ್ನಲ್ಲ. ಚೀಲಕ್ಕೆ ಮೊದಲು ಎಥಾಕ್ಸಿಕ್ವಿನ್ ಅನ್ನುವ, ಮೇವಿನ ಎಣ್ಣೆ ಕೆಡದಂತೆ ತಡೆಯುವ ರಾಸಾಯನಿಕ ಹಾಕುತ್ತಿದ್ದರು. 2017ರಲ್ಲಿ ಯುರೋಪ್ ಅದಕ್ಕೆ ಕೊಟ್ಟಿದ್ದ ಅನುಮತಿಯನ್ನೇ ತಡೆಹಿಡಿಯಿತು. ಇನ್ನು ವಿಟಮಿನ್ ಇ, ಮೀನು ಹಿಡಿಯುವ ಹಿಂದಿನ ದಿನ ಕೊಟ್ಟರೆ ಏನೂ ಸಿಗಲ್ಲ. ವಾರಗಟ್ಟಲೆ ಕೊಡಬೇಕು. ವಿಟಮಿನ್ ಸಿ ಕೂಡ ಬೇಕು, ದಣಿದ ಇ ಯನ್ನು ಮತ್ತೆ ಎಬ್ಬಿಸುವುದು ಅದೇ.

ಹೊಸಕೋಟೆ ಗೌಡ್ರು:
ನನ್ನ ಚೀಲ ನಾನು ಮೂಸಿ ನೋಡಿದ್ದೇನೆ. ನೀವು ನೋಡಿದ್ದೀರಾ?

ಪೀಣ್ಯ ಮೇವು:
ಎಣ್ಣೆ ತೆಗೆದ ಪ್ಯೂಪಾ ಅಂದಿರಲ್ಲ. ಕಮಟು ಹಿಡಿಯಲು ಅದರಲ್ಲಿ ಎಣ್ಣೆ ಎಲ್ಲಿ ಉಳಿದಿದೆ?

ಶಿವಾಜಿನಗರ ಅಕ್ಕ:
ನೀವೆಲ್ಲ ಮೇವಲ್ಲೇ ಇದ್ದೀರಿ. ನಾನು ಮೀನು ಕೊಯ್ದೇ ಸಂಸಾರ ಸಾಗಿಸಿದವಳು. ಚರ್ಮ ತೆಗೆದರೆ ಮೈಯ ಪಕ್ಕಕ್ಕೆ ಉದ್ದಕ್ಕೆ ಕಂದುಗೆಂಪು ಪಟ್ಟಿ ಕಾಣುತ್ತದೆ, ಬೆರಳಗಲ. ಅದರಲ್ಲಿ ಕೊಬ್ಬೂ ಜಾಸ್ತಿ, ರಕ್ತದ ಕಬ್ಬಿಣವೂ ಜಾಸ್ತಿ. ವಿಟಮಿನ್ ಇ ಅಲ್ಲಿ ಜಾಸ್ತಿ ಇದ್ದರೂ ಮೊದಲು ಕೆಡುವುದು ಅದೇ. ಚಾಕು ಓರೆ ಹಿಡಿದು ತೆಗೆದುಬಿಡಿ. ಬೆನ್ನುಮೂಳೆಗೆ ಅಂಟಿದ ರಕ್ತ ಉಜ್ಜಿ ತೊಳೆಯಿರಿ. ತುಂಡು ಗಟ್ಟಿಯಾದ ಮೇಲೆ ಐಸ್ ನೀರಲ್ಲಿ ಅದ್ದಿ ಮತ್ತೆ ಫ್ರೀಜರ್‌ಗಿಡಿ. ಮೇಲೆ ಮಂಜಿನ ಪದರ ಕೂತು ಗಾಳಿ ತಾಗುವುದಿಲ್ಲ. ಉಪ್ಪು ಹಚ್ಚಿ ಇಡಬೇಡಿ.

ಬಸವನಗುಡಿ ಅಡುಗೆ:
ಉಪ್ಪು ಅರಿಸಿನ ಹಚ್ಚದೆ ಯಾರು ಮೀನು ಇಡುತ್ತಾರೆ? ನಮ್ಮತ್ತೆ ಕಾಲದಿಂದ ಹಾಗೇ.

ಶಿವಾಜಿನಗರ ಅಕ್ಕ:
ನಿಮ್ಮತ್ತೆ ಅವತ್ತೇ ಸಾರು ಮಾಡುತ್ತಿದ್ದರು ಅಲ್ವಾ? ಅರಿಸಿನ ಹಚ್ಚಿ, ಬೇಡ ಅನ್ನುವುದಿಲ್ಲ. ಉಪ್ಪು ಹಾಕಿ ತಿಂಗಳಿಟ್ಟರೆ ಕೊಬ್ಬು ಬೇಗ ಕೆಡುತ್ತದೆ. ಗಿರಾಕಿಗಳಿಗೆ ದುಡ್ಡು ವಾಪಸ್ ಕೊಟ್ಟವಳು ನಾನು, ನೀವಲ್ಲ.

ವರ್ತೂರು ಹುಡುಗ:
ಇಷ್ಟೆಲ್ಲ ಯಾಕೆ? ಕೆರೆ ಮೀನು ತಗೊಳ್ಳಿ. ಕೊಳಚೆ ನೀರಲ್ಲಿ ಬೆಳೆದ ಮೀನಿನ ಲಿವರ್‌ನಲ್ಲಿ ಕ್ಯಾಟಲೇಸ್, ಎಸ್‌ಓಡಿ ಅನ್ನುವ ಆಂಟಿಆಕ್ಸಿಡೆಂಟ್ ಕಿಣ್ವಗಳೆಲ್ಲ ಜಾಸ್ತಿ ಅಂತ ಓದಿದ್ದೇನೆ. ಗಟ್ಟಿ ಮೀನು. ನಮ್ಮ ಜಿಲೇಬಿ ಮೀನಿಗೆ (ತಿಲಾಪಿಯಾ) ಏನೂ ಆಗಲ್ಲ.

ಪೀಣ್ಯ ಮೇವು:
ಅದು ಗಟ್ಟಿತನ ಅಲ್ಲಪ್ಪ, ವಿಷದ ಜೊತೆ ಮೀನು ಹೊಡೆದಾಡುತ್ತಿರುವುದರ ಗುರುತು. ವಿಷ ಇನ್ನೂ ಏರಿದರೆ ಆ ಕಿಣ್ವಗಳೂ ಸೋತು ಇಳಿಯುತ್ತವೆ. ಲಿವರ್‌ನಲ್ಲಿರುವುದು ತಿನ್ನುವವರಿಗೆ ಬರುವ ಪುಣ್ಯವೂ ಅಲ್ಲ.

ವರ್ತೂರು ಹುಡುಗ:
ಕೆರೆ ಮೀನು ಹಿಡಿದು ಬದುಕುವವರ ಹೊಟ್ಟೆ ಮೇಲೆ ಹೊಡೆಯಬೇಡಿ ಸಾರ್. ನಮ್ಮಪ್ಪ ಅದರಲ್ಲೇ ನನ್ನನ್ನು ಓದಿಸಿದ್ದು.

ಬಿಡದಿ ಮೀನು:
2016ರ ಮಾರ್ಚಲ್ಲಿ ಹಲಸೂರು ಕೆರೆ ತುಂಬ ಸತ್ತ ಮೀನು ತೇಲಿತ್ತಲ್ಲ, ಆಗ ಯಾರು ಯಾರ ಹೊಟ್ಟೆ ಮೇಲೆ ಹೊಡೆದರು? ಕೊಳಚೆ ಬಿಟ್ಟವರನ್ನು ಕೇಳು.

ನೆಲಮಂಗಲ ಹೊಂಡ:
ಪ್ಯೂಪಾ ಚೀಲ ಬಿಚ್ಚಿ ಮೂಸಿದೆ, ಕಮಟಾಗಿದೆ. ಅಕ್ಕ, ಆ ಕೆಂಪು ಪಟ್ಟಿ ತೆಗೆದರೆ ಕೆಜಿಗೆ ಎಷ್ಟು ಕಮ್ಮಿ ಆಗುತ್ತದೆ? ಗೌಡ್ರೇ, ಪುಡಿ ಯಾವ ಕಡೆ ಸಿಗುತ್ತದೆ?

ಹೊಸಕೋಟೆ ಗೌಡ್ರು:
ಮೊದಲು ಆ ಪೀಣ್ಯದವರು ನನ್ನ ಹೊಂಡಕ್ಕೆ ಬಂದು ಮೀನು ನೋಡಲಿ. ಆಮೇಲೆ ಹೇಳುತ್ತೇನೆ.