ದೋರ್ನಕಲ್ ಚರ್ಚ್ ಕಟ್ಟಿಸಿದ ಬಿಷಪ್ ಯಾರು?

ರೈಲುಹುಚ್ಚ:
ಭದ್ರಾಚಲಕ್ಕೆ ಹೋಗುವಾಗ ದೋರ್ನಕಲ್ ಜಂಕ್ಷನ್‌ನಲ್ಲಿ ರೈಲು ಬದಲಿಸಬೇಕಿತ್ತು. ಟೈಮ್ ಇತ್ತು, ಸುಮ್ನೆ ಊರೊಳಗೆ ಹೋದೆ. ಅಲ್ಲೊಂದು ದೊಡ್ಡ ಚರ್ಚ್. ಮೇಲೆ ಮಸೀದಿಯ ಹಾಗೆ ಗುಮ್ಮಟ, ಮಿನಾರು. ಕಂಬಗಳು ನೋಡಿದರೆ ಥೇಟ್ ದೇವಸ್ಥಾನದ ಮಂಟಪ! ಯಾರೋ ಅಜರಯ್ಯ ಅನ್ನೋ ಬಿಷಪ್ ಕಟ್ಟಿಸಿದ್ದಂತೆ. ಯಾರಿವರು?

ಹಳೇಪೇಪರ್:
ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ. ಆಂಗ್ಲಿಕನ್, ಅಂದರೆ ಇಂಗ್ಲೆಂಡ್ ಮೂಲದ ಚರ್ಚಿನ ಮೊದಲ ಭಾರತೀಯ ಬಿಷಪ್. 1874ರಲ್ಲಿ ತಿರುನೆಲ್ವೇಲಿ ಕಡೆಯ ವೆಳ್ಳಾಳನ್‌ವಿಳೈನಲ್ಲಿ ಹುಟ್ಟಿದವರು. ಮೊದಲು ವೈಎಂಸಿಎ ಅನ್ನೋ ಕ್ರೈಸ್ತ ಯುವಕರ ಸಂಘದಲ್ಲಿ ಕೆಲಸ, ಆಮೇಲೆ 1909ರಲ್ಲಿ ನಿಜಾಮರ ಸೀಮೆಯ ದೋರ್ನಕಲ್‌ಗೆ ಬಂದರು, ತಮಿಳು ಮನೆಮಾತಾದರೂ ತೆಲುಗು ಕಲಿತು ಎತ್ತಿನ ಗಾಡಿಯಲ್ಲಿ, ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ಸುತ್ತಿದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಬಿಷಪ್ ದೀಕ್ಷೆ. ನೀವು ನೋಡಿದ ಚರ್ಚ್ ಮುಗಿದದ್ದು 1939ರಲ್ಲಿ.

ನನಗೆ ಇಷ್ಟ ಆಗೋದು 1910ರ ಎಡಿನ್‌ಬರೋ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಇವರು ಆಡಿದ ಮಾತು. ಬಿಳಿಯ ಮಿಷನರಿಗಳೇ ತುಂಬಿದ್ದ ಸಭೆ. ನೀವು ಬಡವರಿಗೆ ಆಸ್ತಿ ಕೊಟ್ಟಿರಿ, ಜೀವವನ್ನೂ ಕೊಟ್ಟಿರಿ, ನಮಗೆ ಸ್ನೇಹಿತರನ್ನು ಕೊಡಿ ಅಂದರು. ಆಗ ಅವರಿಗೆ 35 ವರ್ಷ, ಧೈರ್ಯ ನೋಡಿ!

ಖಾರಾಬೂಂದಿ:
ಹೊಗಳಿಕೆ ಸರಿ, ಆದರೆ ಗಾಂಧೀಜಿಗೂ ಇವರಿಗೂ ಮತಾಂತರದ ವಿಷಯದಲ್ಲಿ ಜಗಳ ಇತ್ತಲ್ವಾ? ಮಾಲ, ಮಾದಿಗ ದಲಿತರು ಊರಿಗೂರೇ ಕ್ರೈಸ್ತರಾದದ್ದು ಇವರ ಕಾಲದಲ್ಲೇ.

ಹಳೇಪೇಪರ್:
ಇತ್ತು, ಮುಚ್ಚಿಡೋದೇನಿಲ್ಲ. ದೀಕ್ಷಾಸ್ನಾನ ಆದವರು ತಮ್ಮ ತಲೆ ಮೇಲೆ ತಾವೇ ಕೈಯಿಟ್ಟು, ಸುವಾರ್ತೆ ಸಾರದಿದ್ದರೆ ನನಗೆ ಕೇಡು ಅಂತ ಹೇಳಬೇಕಿತ್ತು. ಹೀಗಿರುವಾಗ ಗಾಂಧೀಜಿಗೆ ಹೇಗೆ ಸರಿಹೋಗುತ್ತೆ! ಆದರೆ ಇದೇ ಮನುಷ್ಯ ಚುನಾವಣೆಯಲ್ಲಿ ಕ್ರೈಸ್ತರು ತಮ್ಮವರನ್ನು ತಾವೇ ಆರಿಸೋ ಪ್ರತ್ಯೇಕ ಮತಕ್ಷೇತ್ರ ಬೇಡವೇ ಬೇಡ ಅಂತ ಪಟ್ಟು ಹಿಡಿದಿದ್ದರು. ಬ್ರಿಟಿಷರ ಬಾಲ ಅಂತ ಬೈದುಬಿಡೋದು ಸುಲಭ, ಲೆಕ್ಕ ಕೂಡೋದಿಲ್ಲ.

ದಂಡುಪ್ರದೇಶ:
ಲೆಕ್ಕ ಅಂದಿರಿ, ಅದೇ ಅವರಿಗೆ ಕೈಕೊಟ್ಟದ್ದು ಕೂಡ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರೂ ಕಾಯಿಲೆ ಬಿದ್ದು ಗಣಿತದ ಪರೀಕ್ಷೆ ಬರೆಯಲಾಗದೆ ಡಿಗ್ರಿ ಬರಲಿಲ್ಲ.

ನಮ್ಮ ಬೆಂಗಳೂರಿಗೂ ಒಂದು ನಂಟಿದೆ. ಎಂಜಿ ರೋಡಿನ ಸೇಂಟ್ ಮಾರ್ಕ್ಸ್ ಚರ್ಚ್ ಮೊದಲು ಆಂಗ್ಲಿಕನ್, ಈಗ ಸಿಎಸ್‌ಐ, ಅಂದರೆ ಹಲವು ಪ್ರೊಟೆಸ್ಟೆಂಟ್ ಪಂಗಡ ಸೇರಿ ಆದ ಚರ್ಚ್ ಆಫ್ ಸೌತ್ ಇಂಡಿಯಾ. ಬೇರೆಬೇರೆ ಪಂಗಡ ಒಂದಾಗಬೇಕು ಅಂತ 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ನಡೆದ ಸಭೆಯಿಂದಲೂ ಓಡಾಡಿದವರಲ್ಲಿ ಅಜರಯ್ಯ ಮುಖ್ಯರು. ಸಿಎಸ್‌ಐ ಆದದ್ದು 1947ರ ಸೆಪ್ಟೆಂಬರ್ 27ಕ್ಕೆ. ಅವರು 1945ರ ಜನವರಿ 1ರಂದೇ ತೀರಿಕೊಂಡಿದ್ದರು.

ರೈಲುಹುಚ್ಚ:
ಅಯ್ಯೋ, ಇದೆಲ್ಲ ಮೊದಲೇ ಗೊತ್ತಿದ್ದರೆ ಆ ಕಂಬದ ಹತ್ತಿರ ಇನ್ನೊಂದು ಅರ್ಧ ಗಂಟೆ ನಿಲ್ತಿದ್ದೆ.