ಮೈನ್ ರಾಜ್ಯದ ಟಿ7 ಆರ್12 ಟೌನ್‌ಶಿಪ್: ಇಲ್ಲಿ ಯಾಕೆ ಜನ ಇಲ್ಲ?

ನಕ್ಷೆಹುಚ್ಚು:
ಅಮೆರಿಕದ ಮೈನ್ ರಾಜ್ಯದ ಉತ್ತರ ಭಾಗವನ್ನು ಮ್ಯಾಪಲ್ಲಿ ದೊಡ್ಡದು ಮಾಡಿ ನೋಡಿ. ಊರುಗಳ ಹೆಸರೇ ಕಾಣಲ್ಲ. ಬರೀ ಚೌಕಗಳು, ಜಾಸ್ತಿ ಚೌಕಗಳಿಗೆ ಬರೀ ನಂಬರು. ಚೇಂಬರ್ಲೇನ್ ಸರೋವರದ ದಡದಲ್ಲಿರುವ ಒಂದರ ಹೆಸರು ಟಿ7 ಆರ್12 ಡಬ್ಲ್ಯೂಇಎಲ್ಎಸ್. ಟೌನ್‌ಶಿಪ್ ಅಂತಾರೆ, ಆದರೆ ಪೇಟೆ ಇಲ್ಲ, ಶಾಲೆ ಇಲ್ಲ, ಆಡಳಿತ ಕಚೇರಿಯೂ ಇಲ್ಲ. ಜನ ಇದ್ದು ಬಿಟ್ಟು ಹೋದರಾ, ಇಲ್ಲ ಮೊದಲಿಂದಲೂ ಹೀಗೇನಾ? ಜನರೇ ಇಲ್ಲದ ಕಡೆ ಗಡಿ ಯಾಕೆ ಎಳೆದರು?

ಸರಪಳಿ:
ಗಡಿ ಎಳೆದಿದ್ದು ಜನರಿಗೋಸ್ಕರ ಅಲ್ಲ, ಮಾರಾಟಕ್ಕೋಸ್ಕರ. ಮೊದಲು ಹೆಸರು ಬಿಡಿಸ್ತೀನಿ. ಟಿ ಅಂದರೆ ಟೌನ್‌ಶಿಪ್, ಆರ್ ಅಂದರೆ ರೇಂಜ್. ಕೊನೆಯ ನಾಲ್ಕು ಅಕ್ಷರ ಅಂದರೆ "ರಾಜ್ಯದ ಪೂರ್ವ ಗಡಿಗೆರೆಯಿಂದ ಪಶ್ಚಿಮಕ್ಕೆ". ಆ ಗೆರೆಯಿಂದ ಪಶ್ಚಿಮಕ್ಕೆ ಎಣಿಸಿದರೆ 12ನೇ ಸಾಲು, ದಕ್ಷಿಣದಿಂದ ಮೇಲಕ್ಕೆ ಎಣಿಸಿದರೆ 7ನೇ ಚೌಕ. ಒಂದು ಚೌಕ ಸುಮಾರು 6 ಮೈಲಿ ಉದ್ದ, 6 ಮೈಲಿ ಅಗಲ, ಅಂದರೆ 23,040 ಎಕರೆ. ಹಾಗಾಗಿ ನೀವು ನೋಡಿದ ಜಾಗ ಕೆನಡಾ ಕಡೆಯ ಆ ಗೆರೆಯಿಂದ ಸುಮಾರು 70 ಮೈಲಿ ಒಳಗಿದೆ ಅಂತ ಹೆಸರಲ್ಲೇ ಗೊತ್ತಾಗುತ್ತೆ.

1820ರವರೆಗೆ ಮೈನ್ ಪ್ರತ್ಯೇಕ ರಾಜ್ಯ ಆಗಿರಲಿಲ್ಲ, ಮ್ಯಾಸಚೂಸೆಟ್ಸ್‌ಗೆ ಸೇರಿತ್ತು. ಸ್ವಾತಂತ್ರ್ಯ ಯುದ್ಧದ ಸಾಲ ತಲೆ ಮೇಲಿತ್ತು, ಕಾಡು ಮಾರಿ ತೀರಿಸೋಣ ಅಂತ ಹೊರಟರು. 1786ರಲ್ಲಿ ಲಾಟರಿ ಮೂಲಕ ಟೌನ್‌ಶಿಪ್ ಮಾರಲು ನೋಡಿದರು, ಟಿಕೆಟ್ ಸರಿಯಾಗಿ ಖರ್ಚಾಗಲಿಲ್ಲ. 1793ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಬಿಂಗಮ್ ಒಬ್ಬನೇ ಸುಮಾರು 20 ಲಕ್ಷ ಎಕರೆ ಕೊಂಡ. ರಾಜ್ಯ ಬೇರೆಯಾದ ಮೇಲೂ ಸರ್ಕಾರಿ ಜಮೀನಲ್ಲಿ ಅರ್ಧ ಮ್ಯಾಸಚೂಸೆಟ್ಸ್ ಕೈಯಲ್ಲೇ ಇತ್ತು, ಉಳಿದಿದ್ದನ್ನು ಮೈನ್ 1853ರಲ್ಲಿ ದುಡ್ಡು ಕೊಟ್ಟು ಬಿಡಿಸಿಕೊಂಡಿತು. ಇಷ್ಟೆಲ್ಲ ಆದರೂ ಉತ್ತರದ ಚೌಕಗಳಿಗೆ ರೈತರು ಬರಲಿಲ್ಲ. ಕಲ್ಲು ನೆಲ, ಬೆಳೆಗೆ ಸಿಗುವ ಬೆಚ್ಚನೆ ದಿನ ಕಮ್ಮಿ. ಮೈನ್‌ನ ಈಶಾನ್ಯ ಮೂಲೆಯ ಅರೂಸ್ಟುಕ್ ಕೌಂಟಿ (ನಮ್ಮ ಜಿಲ್ಲೆ ಇದ್ದಂತೆ) ಇದೆಯಲ್ಲ, ಅದರ ಪೂರ್ವ ಭಾಗದ ಮಣ್ಣು ಚೆನ್ನಾಗಿದೆ, ಅಲ್ಲಿ ಆಲೂಗಡ್ಡೆ ಬೆಳೆದು ಊರುಗಳಾದವು. ಇಲ್ಲಿ ಕೊಂಡವರಿಗೆ ಬೇಕಿದ್ದದ್ದು ಪೈನ್ ಮತ್ತು ಸ್ಪ್ರೂಸ್ ಮರ ಮಾತ್ರ.

ಹೊಳೆದಾರಿ:
ಮೇಲಿನದು ಸರಿ, ಆದರೆ "ಯಾವತ್ತೂ ಜನ ಇರಲಿಲ್ಲ" ಅಂತ ಯಾರೂ ಓದಿಕೊಳ್ಳಬೇಡಿ. ಪೆನಾಬ್‌ಸ್ಕಾಟ್ ಮೊದಲಾದ ವಬನಾಕಿ ಮೂಲನಿವಾಸಿ ಜನ ಈ ಚೌಕಗಳಿಗಿಂತ ಎಷ್ಟೋ ಮೊದಲೇ ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿ ಹೊತ್ತು ಓಡಾಡುತ್ತಿದ್ದರು. ಅವರ ಭೂಮಿ ಹಕ್ಕಿನ ವಿಷಯ ಸಂಸತ್ತಿನ ಕಾನೂನಿನವರೆಗೆ ಹೋಗಿದ್ದು 1980ರಲ್ಲಿ.

ಇನ್ನು ಆ ಜಾಗದ ನೀರಿನ ಕಥೆ ಕೇಳಿ, ನನಗೆ ತುಂಬಾ ಇಷ್ಟದ್ದು. ಚೇಂಬರ್ಲೇನ್ ಸರೋವರದ ನೀರು ಸಹಜವಾಗಿ ಉತ್ತರಕ್ಕೆ, ಈಗಲ್ ಸರೋವರದ ಕಡೆ ಹರಿದು, ಅಲಗ್ಯಾಶ್ ನದಿ ಸೇರಿ, ಸೇಂಟ್ ಜಾನ್ ಮೂಲಕ ಕೆನಡಾಕ್ಕೆ ಹೋಗುತ್ತಿತ್ತು. ದಿಮ್ಮಿ ಸಾಗಿಸಲು ಇದ್ದ ದಾರಿ ನೀರೊಂದೇ. ಅಂದರೆ ಮೈನ್‌ನ ಮರ ಬ್ರಿಟಿಷರ ಕಡೆಯ ಗಿರಣಿಗೆ! ದಕ್ಷಿಣದಲ್ಲಿ ಪೆನಾಬ್‌ಸ್ಕಾಟ್ ನದಿ ದಡದ ಬ್ಯಾಂಗರ್ ಪಟ್ಟಣದ ಕಡೆಯ ಮರದ ವ್ಯಾಪಾರಿಗಳು ಸುಮ್ನೆ ಬಿಡ್ತಾರಾ? 1841ರ ಹೊತ್ತಿಗೆ ಉತ್ತರದ ಬಾಯಿಗೆ ಅಣೆಕಟ್ಟು ಹಾಕಿ, ಟೆಲೋಸ್ ಸರೋವರದ ಹತ್ತಿರ ಕಾಲುವೆ ಕಡಿದು, ಸರೋವರವನ್ನೇ ದಕ್ಷಿಣಕ್ಕೆ ತಿರುಗಿಸಿದರು. ನೀರೂ ದಿಮ್ಮಿಯೂ ಪೆನಾಬ್‌ಸ್ಕಾಟ್ ನದಿಗೆ ಬಂದವು.

ಈಗಲ್ ಸರೋವರ ಮಾತ್ರ ಉತ್ತರಕ್ಕೇ ಹರಿಯುತ್ತಿತ್ತು. ಅದಕ್ಕೆ 1902-03ರಲ್ಲಿ ನಡುವಿನ ದಿಬ್ಬದ ಮೇಲೆ ಸುಮಾರು 3,000 ಅಡಿಯ ಟ್ರಾಮ್‌ವೇ ಕಟ್ಟಿ, ಸುತ್ತುವ ಉಕ್ಕಿನ ಹಗ್ಗದಿಂದ ದಿಮ್ಮಿ ಎಳೆದು ಈ ಕಡೆ ಬೀಳಿಸಿದರು. 1927ರಲ್ಲಿ ಅಲ್ಲೇ 13 ಮೈಲಿಯ ರೈಲು ಬಂತು, ಕಾಗದದ ಗಿರಣಿಗೆ ಮರ ಸಾಗಿಸಲು. 1933ರಲ್ಲಿ ನಿಂತಿತು. ಎರಡು ಉಗಿ ಎಂಜಿನ್‌ಗಳನ್ನು ವಾಪಸ್ ತರುವ ಗೋಜಿಗೆ ಯಾರೂ ಹೋಗಲಿಲ್ಲ. ಷೆಡ್ ಸುಟ್ಟು ಹೋಗಿದೆ, ಎಂಜಿನ್‌ಗಳು ಇವತ್ತಿಗೂ ಮರಗಳ ಮಧ್ಯೆ ತುಕ್ಕು ಹಿಡಿದು ಅಕ್ಕಪಕ್ಕ ನಿಂತಿವೆ. ಅಷ್ಟು ಕೆಲಸಗಾರರು ಬಂದರು, ಆದರೆ ಬಂದಿದ್ದು ಕ್ಯಾಂಪಿಗೆ. ಮರ ಮುಗಿದರೆ ಕ್ಯಾಂಪೂ ಮುಂದಕ್ಕೆ. ಸಂಸಾರ ಹೂಡಲಿಲ್ಲ, ಹಾಗಾಗಿ ಊರೂ ಆಗಲಿಲ್ಲ.

ನಕ್ಷೆಹುಚ್ಚು:
ಎಂಥಾ ವಿಷಯ! ಧನ್ಯವಾದ ಇಬ್ಬರಿಗೂ. ಹಾಗಾದರೆ ಈಗ ಅಲ್ಲಿ ತೆರಿಗೆ, ರಸ್ತೆ ಇದನ್ನೆಲ್ಲ ಯಾರು ನೋಡ್ತಾರೆ? ಹೊರಗಿನವರು ಹೋಗಬಹುದಾ?

ಸರಪಳಿ:
ಇಂಥ ಜಾಗಕ್ಕೆ ಅನ್‌ಆರ್ಗನೈಸ್ಡ್ ಟೆರಿಟರಿ ಅಂತಾರೆ. 400ಕ್ಕೂ ಹೆಚ್ಚು ಟೌನ್‌ಶಿಪ್‌ಗಳಿವೆ, ರಾಜ್ಯದ ಅರ್ಧದಷ್ಟು ನೆಲ, ಜನ ಮಾತ್ರ ಸುಮಾರು 9 ಸಾವಿರ. ಸ್ಥಳೀಯ ಆಡಳಿತ ಇಲ್ಲದ ಕಾರಣ ಆಸ್ತಿ ತೆರಿಗೆ ರಾಜ್ಯವೇ ವಸೂಲಿ ಮಾಡುತ್ತೆ, ಕೆಲವು ಸೇವೆ ಕೌಂಟಿ ಕೊಡುತ್ತೆ. ಕಟ್ಟಡ, ಜಮೀನು ಬಳಕೆಯ ನಿಯಮಕ್ಕೆ 1971ರಲ್ಲಿ ಒಂದು ರಾಜ್ಯ ಆಯೋಗವೇ ಶುರುವಾಯಿತು. ಪಟ್ಟಿ ಈಗಲೂ ಬೆಳೀತಿದೆ: ಜನ ಕಮ್ಮಿಯಾಗಿ ಖರ್ಚು ತೂಗಿಸಲಾಗದ ಊರುಗಳು ಮತ ಹಾಕಿ ತಮ್ಮ ಆಡಳಿತವನ್ನೇ ಬಿಟ್ಟುಕೊಡುತ್ತವೆ. ಬ್ಯಾಂಕ್ರಾಫ್ಟ್ ಅನ್ನೋ ಊರು 2015ರಲ್ಲಿ ಹಾಗೆ ಮಾಡಿತು.

ಹೊಳೆದಾರಿ:
ಹೋಗಬಹುದು. ಅಲಗ್ಯಾಶ್ ಜಲಮಾರ್ಗವನ್ನು 1966ರಿಂದ ರಾಜ್ಯ ಕಾಪಾಡಿಕೊಂಡು ಬಂದಿದೆ, ದೋಣಿಯಲ್ಲಿ ಹೋಗುವವರೇ ಜಾಸ್ತಿ. ರಸ್ತೆಗಳು ಬಹುತೇಕ ಮರದ ಕಂಪನಿಗಳ ಖಾಸಗಿ ಮಣ್ಣು ರಸ್ತೆ, ಗೇಟಲ್ಲಿ ಹೆಸರು ಬರೆಸಿ ಶುಲ್ಕ ಕಟ್ಟಬೇಕು. 1976ರಲ್ಲಿ ಕೆನಬೆಕ್ ನದಿಯಲ್ಲಿ ಕೊನೆಯ ಸಲ ದಿಮ್ಮಿ ತೇಲಿಬಿಟ್ಟ ಮೇಲೆ ಮರವೆಲ್ಲ ಲಾರಿಯಲ್ಲೇ ಸಾಗುತ್ತೆ. ದಿಮ್ಮಿ ಲಾರಿ ಎದುರು ಬಂದರೆ ನೀವೇ ಪಕ್ಕಕ್ಕೆ ಸರಿದು ನಿಲ್ಲಿ, ಅಲ್ಲಿ ಮೊದಲ ಹಕ್ಕು ಅದರದ್ದು.